ಉಪಜೀವ್ಯೋಪಜೀವಕ ವಿಚಾರ: ಟ್ವಿಟರ್ ಕಂಪೆನಿಯ ತೆರೆದ ಬಾಗಿಲಿನ ಚರಿತ್ರೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ೨೦೦೬ನೆಯ ಇಸವಿಯಲ್ಲಿ ಹುಟ್ಟಿದ ಟ್ವಿಟರ್ ಎಂಬ ಕಂಪೆನಿಯು, ತನ್ನಲ್ಲಿ ಸೇರುವ ಜನರ ಬರಹಗಳನ್ನು ಹೊರಗಿನ ತಂತ್ರಾಂಶಗಾರರೂ ತೆಗೆದುಕೊಂಡು ಬಳಸಬಹುದೆಂದು ಅದೇ ವರ್ಷ ಒಂದು ಬಾಗಿಲನ್ನು ತೆರೆದಿಟ್ಟಿತು. ೨೦೨೩ನೆಯ ಇಸವಿ ಜನವರಿ ೧೨ನೆಯ ದಿನ ಸಂಜೆ, ಯಾವ ಪೂರ್ವಸೂಚನೆಯೂ ಇಲ್ಲದೆ, ಅದನ್ನೇ ಆಶ್ರಯಿಸಿ ಹನ್ನೆರಡು ಹದಿನಾರು ವರ್ಷ ಬಾಳಿಕೊಂಡು ಬಂದಿದ್ದವರ ಪಾಲಿಗೆ ಆ ಬಾಗಿಲು ಮುಚ್ಚಿಹೋಯಿತು. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ, ೨೦೨೨ರ ಅಕ್ಟೋಬರ್ ೨೭ರಂದು, ಈಲಾನ್ ಮಸ್ಕ್ ಎಂಬ ಧನಿಕನು ೪,೪೦೦ ಕೋಟಿ ಡಾಲರು ತೆತ್ತು ಕಂಪೆನಿಯನ್ನು ಕೊಂಡಿದ್ದುದರಿಂದ, ಹೊಸ ಒಡೆಯನ ಚಾಪಲ್ಯವೇ ಈ ಅನರ್ಥಕ್ಕೆ ಕಾರಣವೆಂದು ಬಹುಮಂದಿ ಬರೆದರು. ಈ ಮಾತನ್ನು ಹಾಗೆಯೇ ಒಪ್ಪುವುದಕ್ಕಾಗುವುದಿಲ್ಲ. ಕಂಪೆನಿಯು ಕಾಲಕಾಲಕ್ಕೆ ಹೊರಡಿಸಿದ ನಿಬಂಧನೆಗಳನ್ನು ಕ್ರಮವಾಗಿ ಜೋಡಿಸಿ ಓದಿದರೆ, ಬಾಗಿಲು ಮುಚ್ಚುವ ಕೆಲಸವು ೨೦೧೦ರಲ್ಲಿಯೇ ಆರಂಭವಾಗಿತ್ತೆಂಬುದೂ, ೨೦೨೩ರಲ್ಲಿ ನಡೆದುದು ಅದರ ಕಡೆಯ ತಳ್ಳು ಮಾತ್ರವೆಂಬುದೂ ಸ್ಪಷ್ಟವಾಗುತ್ತದೆ. ಈ ಕ್ರಮವನ್ನು ತೋರಿಸಿ, ಆಶ್ರಯಿಸಿದವರಿಗೆ ನ್ಯಾಯವಾದ ಹಕ್ಕು ಏನಾದರೂ ಇತ್ತೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಪದಾರ್ಥವನ್ನು ತಿಳಿಯಬೇಕು. ಎ. ಪಿ. ಐ. ಎಂಬ ಮೂರಕ್ಷರದ ಸಂಕೇತದಿಂದ ತಂತ್ರಾಂಶಗಾರರು ಕರೆಯುವ ವಸ್ತುವು, ಒಂದು ಯಂತ್ರವು ಇನ್ನೊಂದನ್ನು ಯಾವ ರೂಪದಲ್ಲಿ ಪ್ರಶ್ನೆ ಕೇಳಬೇಕು, ಯಾವ ರೂಪದಲ್ಲಿ ಉತ್ತರ ಬರುತ್ತದೆ ಎಂಬುದನ್ನು ಗೊತ್ತುಮಾಡಿದ ನಿಯಮಾವಳಿ. ದೊಡ್ಡ ಮಠದ ಉಗ್ರಾಣಕ್ಕೆ ಒಂದು ಕಿಟಕಿಯಿದ್ದು, ಹೊರಗೆ ನಿಂತವನು ಚೀಟಿ ಕೊಟ್ಟರೆ ಒಳಗಿನಿಂದ ಪಡಿ ಬರುವಂತೆ ಇದು. ಚೀಟಿ ಕೊಡುವವನು ಇಂಥವನೆಂದು ಗೊತ್ತಾಗುವುದಕ್ಕೆ ಕಂಪೆನಿಯು ಪ್ರತಿಯೊಬ್ಬ ತಂತ್ರಾಂಶಗಾರನಿಗೂ ಅಕ್ಷರಗಳ ಒಂದು ಉದ್ದವಾದ ಸರವನ್ನು ಕೊಟ್ಟಿರುತ್ತದೆ. ಇದನ್ನು ಅವರು ಕೀಲಿಯೆಂದು ಕರೆಯುವರು. ರಹದಾರಿಯೆಂದು ಕರೆದರೆ ಹೆಚ್ಚು ಸರಿ. ಕೀಲಿಯು ಕೈಯಲ್ಲಿದ್ದರೆ ಬೀಗವನ್ನು ನಾವೇ ತೆಗೆಯಬಹುದು. ರಹದಾರಿಯಾದರೋ ಕೊಟ್ಟವನು ರದ್ದುಮಾಡಿದ ಕ್ಷಣವೇ ಬರಿಯ ಕಾಗದ. ಯಾವುದನ್ನು ಆಶ್ರಯಿಸಿ ಮತ್ತೊಂದು ಬದುಕುವುದೋ ಅದನ್ನು ಉಪಜೀವ್ಯವೆಂತಲೂ, ಆಶ್ರಯಿಸಿ ಬದುಕುವುದನ್ನು ಉಪಜೀವಕವೆಂತಲೂ ನಮ್ಮ ಶಾಸ್ತ್ರಕಾರರು ಕರೆದಿರುವರು. ಉಪಜೀವಕವು ಉಪಜೀವ್ಯವನ್ನು ವಿರೋಧಿಸಲಾರದೆಂಬುದು ವೇದಾಂತದ ವಾದಗ್ರಂಥಗಳಲ್ಲಿ ಪ್ರಸಿದ್ಧವಾದ ಯುಕ್ತಿ. ಉಪಜೀವ್ಯವು ಉಪಜೀವಕಕ್ಕೆ ಏನನ್ನಾದರೂ ಸಲ್ಲಿಸಬೇಕಾದುದುಂಟೇ ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ಅದು ತರ್ಕಕ್ಕಿಂತ ವ್ಯವಹಾರಕ್ಕೆ ಸೇರಿದ ಪ್ರಶ್ನೆ.

ಟ್ವಿಟರು ಸಾರ್ವಜನಿಕರಿಗೆ ತೆರೆದುದು ೨೦೦೬ರ ಜುಲೈ ತಿಂಗಳಲ್ಲಿ, ಎ. ಪಿ. ಐ. ಬಾಗಿಲು ತೆರೆದುದು ಸೆಪ್ಟೆಂಬರಿನಲ್ಲಿ. ಆ ಕಾಲದಲ್ಲಿ ಕಂಪೆನಿಯು ಬಡವಾಗಿತ್ತು. ಅದಕ್ಕೆ ತನ್ನದೇ ಆದ ಫೋನಿನ ಆ್ಯಪು ಇರಲಿಲ್ಲ. ಬರಹಗಳಲ್ಲಿ ಬೇಕಾದುದನ್ನು ಹುಡುಕುವ ಸಾಧನವೂ ಇರಲಿಲ್ಲ. ಇವುಗಳನ್ನೆಲ್ಲ ಹೊರಗಿನವರು ಕಟ್ಟಿದರು. ಉತ್ತರ ಕರೊಲೈನಾ ಸಂಸ್ಥಾನದ ಗ್ರೀನ್ಸ್‌ಬರೋ ಊರಿನ ಐಕನ್‌ಫ್ಯಾಕ್ಟರಿ ಎಂಬ ಸಣ್ಣ ಅಂಗಡಿಯವರು ೨೦೦೭ರ ಆರಂಭದಲ್ಲಿ ಟ್ವಿಟರಿಫಿಕ್ ಎಂಬ ತಂತ್ರಾಂಶವನ್ನು ಹೊರತಂದರು. ಟ್ವಿಟರಿಗೆ ಹಕ್ಕಿಯ ಚಿತ್ರವನ್ನು ಮೊದಲು ಅಂಟಿಸಿದವರು ಇವರೇ. ‘ಟ್ವೀಟ್’ ಎಂಬ ಶಬ್ದವೂ ಮೊದಲು ಬಳಕೆಗೆ ಬಂದುದು ಇವರ ತಂತ್ರಾಂಶದಲ್ಲಿ. ಆ ಶಬ್ದವನ್ನು ಸೂಚಿಸಿದವನು ಮಾತ್ರ ಟ್ವಿಟರಿನೊಳಗಿದ್ದ ಒಬ್ಬ ಎಂಜಿನಿಯರೆಂದು ಅದನ್ನು ಬರೆದವರೇ ಹೇಳಿರುವರು. ಶಬ್ದದ ವಿಷಯದಲ್ಲಿ ಆಸಕ್ತಿಯುಳ್ಳ ನಮ್ಮ ವಾಚಕರಿಗೆ ಇಲ್ಲಿ ಇನ್ನೊಂದು ಮಾತು: ಈ ಪದವನ್ನು ಆಕ್ಸ್‌ಫರ್ಡಿನ ಮಹಾಕೋಶದವರು ೨೦೧೩ರಲ್ಲಿ ಸೇರಿಸಿಕೊಂಡರು. ಒಂದು ಪದವು ಹತ್ತು ವರ್ಷವಾದರೂ ಬಳಕೆಯಲ್ಲಿರಬೇಕೆಂಬ ತಮ್ಮ ವಾಡಿಕೆಯನ್ನು ಅವರು ಇದಕ್ಕಾಗಿ ಸಡಿಲಿಸಿದರು. ಹತ್ತು ವರ್ಷಗಳ ಮೇಲೆ, ೨೦೨೩ರ ಜುಲೈ ತಿಂಗಳಲ್ಲಿ, ಕಂಪೆನಿಯು ಹೆಸರನ್ನು ಎಕ್ಸ್ ಎಂದು ಬದಲಾಯಿಸಿಕೊಂಡು ಆ ಪದವನ್ನು ಬಿಟ್ಟಿತು, ಕೋಶವು ಬಿಡಲಿಲ್ಲ.

ಹುಡುಕುವ ಸಾಧನವನ್ನು ಸಮೈಜ಼್ ಎಂಬ ಸಂಸ್ಥೆಯು ಕಟ್ಟಿತ್ತು. ಟ್ವಿಟರು ೨೦೦೮ರ ಜುಲೈ ತಿಂಗಳಲ್ಲಿ ಅದನ್ನು ಕೊಂಡುಕೊಂಡಿತು. ಲಾರೆನ್ ಬ್ರಿಕ್ಟರ್ ಎಂಬ ತರುಣನು ಬರೆದ ಟ್ವೀಟೀ ಎಂಬ ಆ್ಯಪಿನಲ್ಲಿ, ಹೊಸ ಬರಹಗಳು ಬೇಕಾದಾಗ ಬೆರಳಿನಿಂದ ಪುಟವನ್ನು ಕೆಳಕ್ಕೆ ಎಳೆದು ಬಿಡುವ ಉಪಾಯವು ಮೊದಲು ಕಾಣಿಸಿಕೊಂಡಿತು. ಇಂದು ಫೋನು ಹಿಡಿದವರೆಲ್ಲ ಅದನ್ನು ಮಾಡುವರು. ಮಾಡಿಕೊಟ್ಟವನ ಹೆಸರನ್ನು ಬಲ್ಲವರು ಕಡಮೆ. ೨೦೧೦ರ ಏಪ್ರಿಲಿನಲ್ಲಿ ಕಂಪೆನಿಯು ತಂತ್ರಾಂಶಗಾರರ ಸಭೆಯೊಂದನ್ನು ಕೂಡಿಸಿದಾಗ, ತನ್ನ ಸಂಚಾರದಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಸ್ವಂತ ಜಾಲತಾಣದ ಹೊರಗಿನಿಂದ ಬರುತ್ತಿದೆಯೆಂದೂ, ಎ. ಪಿ. ಐ. ಬಾಗಿಲಿಗೆ ದಿನಕ್ಕೆ ಮುನ್ನೂರು ಕೋಟಿ ಪ್ರಶ್ನೆಗಳು ಬರುತ್ತಿವೆಯೆಂದೂ ತಾನೇ ಹೇಳಿಕೊಂಡಿತು. ಈ ಅಂಕಿಗಳನ್ನು ನೋಡಿದರೆ ಆ ಕಾಲದಲ್ಲಿ ಯಾರು ಉಪಜೀವ್ಯ, ಯಾರು ಉಪಜೀವಕ ಎಂಬುದೇ ಸಂದೇಹ. ಮನೆಯ ಒಡೆಯನೇ ಬಾಡಿಗೆದಾರರ ಒಲೆಯಲ್ಲಿ ಬೆಂದ ಅನ್ನವನ್ನು ಉಣ್ಣುತ್ತಿದ್ದನು.

ಅದೇ ಏಪ್ರಿಲು ತಿಂಗಳೇ ಸಂಧಿಕಾಲ. ತಿಂಗಳ ೭ನೆಯ ದಿನ, ಟ್ವಿಟರಿನಲ್ಲಿ ಬಂಡವಾಳ ಹೂಡಿದ್ದ ಫ್ರೆಡ್ ವಿಲ್ಸನ್ ಎಂಬವನು, ಹೊರಗಿನವರು ಈವರೆಗೆ ಮಾಡುತ್ತಿದ್ದುದೆಲ್ಲ ಕಂಪೆನಿಯ ಕೆಲಸದಲ್ಲಿದ್ದ ಹೊಂಡಗಳನ್ನು ಮುಚ್ಚುವುದಾಗಿತ್ತೆಂದೂ, ಆ ಕಾಲವು ಮುಗಿಯಿತೆಂದೂ ಅಭಿಪ್ರಾಯ ಬರುವಂತೆ ಬರೆದನು. ಎರಡು ದಿನಗಳ ಮೇಲೆ ಕಂಪೆನಿಯು ಟ್ವೀಟೀಯನ್ನು ಕೊಂಡು ತನ್ನ ಸ್ವಂತ ಆ್ಯಪನ್ನಾಗಿ ಮಾಡಿಕೊಳ್ಳುವುದಾಗಿ ಪ್ರಕಟಿಸಿತು. ೧೩ನೆಯ ದಿನ ಜಾಹೀರಾತಿನ ಟ್ವೀಟುಗಳನ್ನು ಆರಂಭಿಸಿತು. ಈ ಮೂರನ್ನೂ ಒಟ್ಟಿಗೆ ಓದಿದರೆ ಕಾರಣವು ತಾನಾಗಿ ಹೊಳೆಯುತ್ತದೆ. ಜಾಹೀರಾತಿನಿಂದ ಬದುಕುವ ಕಂಪೆನಿಗೆ ಓದುಗರ ಕಣ್ಣೇ ಸರಕು. ಓದುಗನು ಪರರ ಆ್ಯಪಿನಲ್ಲಿ ಓದಿದರೆ ಜಾಹೀರಾತನ್ನು ಎಲ್ಲಿ ಇಡಬೇಕೆಂಬುದು ಕಂಪೆನಿಯ ಕೈಯಲ್ಲಿ ಇರುವುದಿಲ್ಲ. ಆದುದರಿಂದ ಜಾಹೀರಾತು ಬಂದ ದಿನವೇ ಹೊರಗಿನ ವಾಚಕ ಆ್ಯಪುಗಳು ಮಿತ್ರರ ಪಂಕ್ತಿಯಿಂದ ಪ್ರತಿಸ್ಪರ್ಧಿಗಳ ಪಂಕ್ತಿಗೆ ಜಾರಿದವು. ಒಡೆಯನು ಯಾರೇ ಆಗಿದ್ದರೂ ಈ ಫಲವು ತಪ್ಪುತ್ತಿರಲಿಲ್ಲ. ಕಂಪೆನಿಗೆ ಮನೆ ಕಟ್ಟುವಾಗ ಹೊರಗಿನವರು ಬೇಕಾಗಿದ್ದರು. ಬಾಡಿಗೆ ಎಣಿಸುವಾಗ ಬೇಡವಾದರು.

ಮುಂದಿನ ವರ್ಷ ಇದು ಬಾಯಿಬಿಟ್ಟು ಹೇಳಲ್ಪಟ್ಟಿತು. ೨೦೧೧ರ ಫೆಬ್ರವರಿಯಲ್ಲಿ ಊಬರ್‌ಮೀಡಿಯಾ ಎಂಬ ಸಂಸ್ಥೆಯ ಆ್ಯಪುಗಳ ರಹದಾರಿಯನ್ನು, ನಿಯಮಭಂಗವಾಗಿದೆಯೆಂದು ಹೇಳಿ, ಕೆಲವು ದಿನ ತಡೆಯಲಾಯಿತು. ಮಾರ್ಚ್ ೧೧ರಂದು ಕಂಪೆನಿಯ ಅಧಿಕಾರಿಯಾದ ರಯನ್ ಸಾರ್ವರನು ತಂತ್ರಾಂಶಗಾರರಿಗೆ ಬರೆದ ಓಲೆಯಲ್ಲಿ, ಟ್ವಿಟರಿನದೇ ಆ್ಯಪನ್ನು ಹೋಲುವ ಹೊಸ ವಾಚಕ ಆ್ಯಪುಗಳನ್ನು ಇನ್ನು ಕಟ್ಟಬಾರದೆಂದು ತಿಳಿಸಿದನು. ಮೇ ತಿಂಗಳಲ್ಲಿ ಆಗಿನ ಕಾಲಕ್ಕೆ ಬಹು ಪ್ರಸಿದ್ಧವಾಗಿದ್ದ ಟ್ವೀಟ್‌ಡೆಕ್ ಎಂಬುದನ್ನು ಕಂಪೆನಿಯು ಕೊಂಡಿತು. ಹೀಗೆ ದೊಡ್ಡವರನ್ನು ಕೊಳ್ಳುವುದು, ಉಳಿದವರನ್ನು ಬೆದರಿಸುವುದು. ಸಾಮ, ದಾನ, ಭೇದ, ದಂಡಗಳಲ್ಲಿ ಯಾವುದನ್ನೂ ಬಿಟ್ಟಂತೆ ಕಾಣುವುದಿಲ್ಲ. ಸಾರ್ವರನ ಓಲೆ ಬಂದ ಮುಂದಿನ ತಿಂಗಳೇ, ಟ್ಯಾಪ್‌ಬಾಟ್ಸ್ ಎಂಬ ಇಬ್ಬರು ಗೆಳೆಯರ ಸಂಸ್ಥೆಯು ಟ್ವೀಟ್‌ಬಾಟ್ ಎಂಬ ತನ್ನ ಆ್ಯಪನ್ನು ಮಾರಾಟಕ್ಕೆ ತಂದಿತೆಂಬುದು ಗಮನಾರ್ಹ. ಅವರು ಎಚ್ಚರಿಕೆಯನ್ನು ಓದಿರಲಿಲ್ಲವೆಂದು ಹೇಳುವಂತಿಲ್ಲ. ಬಾಗಿಲಿನ ಮೇಲೆ ಬರೆದಿದ್ದರೂ ಬಾಗಿಲು ತೆರೆದೇ ಇದ್ದುದರಿಂದ ಒಳಹೊಕ್ಕರು. ಹನ್ನೊಂದು ವರ್ಷ ಒಳ್ಳೆಯ ವ್ಯಾಪಾರವನ್ನೂ ಮಾಡಿದರು.

ಇನ್ನು ೨೦೧೨ರ ಆಗಸ್ಟ್ ೧೬ರ ನಿಬಂಧನೆ. ಈ ಚರಿತ್ರೆಯಲ್ಲಿ ಇದರಷ್ಟು ಸೂಕ್ಷ್ಮವಾಗಿ ಓದಬೇಕಾದ ಬರಹ ಬೇರೊಂದಿಲ್ಲ. ಮೈಕೆಲ್ ಸಿಪ್ಪಿ ಎಂಬ ಅಧಿಕಾರಿಯ ಹೆಸರಿನಲ್ಲಿ ಹೊರಟ ಈ ಪ್ರಕಟಣೆಯಲ್ಲಿ, ಬಳಕೆಗಳನ್ನೆಲ್ಲ ನಾಲ್ಕು ಮನೆಗಳ ಒಂದು ಚೌಕದಲ್ಲಿ ಹಾಕಿ, ಬಲಗಡೆಯ ಮೇಲಿನ ಮನೆಯೊಳಗಿನವರು ಬೇಡವೆಂದು ಹೇಳಿದೆ. ವಾಚಕ ಆ್ಯಪುಗಳು ಇರುವುದು ಆ ಮನೆಯಲ್ಲಿಯೇ. ಟ್ವೀಟನ್ನು ಹೇಗೆ ತೋರಿಸಬೇಕೆಂಬುದು ಅದುವರೆಗೆ ಸಲಹೆಯಾಗಿತ್ತು; ಇನ್ನು ಮೇಲೆ ವಿಧಿಯೆಂದಾಯಿತು. ಇವೆಲ್ಲಕ್ಕಿಂತ ಮುಖ್ಯವಾದುದು ಒಂದು ಸಂಖ್ಯೆ. ಹೊಸ ವಾಚಕ ಆ್ಯಪೊಂದು, ಕಂಪೆನಿಯ ವಿಶೇಷ ಅನುಮತಿಯಿಲ್ಲದೆ, ೧,೦೦,೦೦೦ಕ್ಕಿಂತ ಹೆಚ್ಚು ಬಳಕೆದಾರರನ್ನು ಪಡೆಯಕೂಡದು. ಆ ಮಿತಿಯನ್ನು ಆಗಲೇ ದಾಟಿದ್ದವರು ಆ ದಿನದ ತಮ್ಮ ಸಂಖ್ಯೆಯ ಎರಡರಷ್ಟಾಗುವ ತನಕ ಬೆಳೆಯಬಹುದು. ಆ ಮೇಲೆ ಇಲ್ಲ.

ಈ ಸಂಖ್ಯೆಯ ವ್ಯಾಪಾರವನ್ನು ವಿಚಾರಿಸಬೇಕು. ಒಬ್ಬ ಬಳಕೆದಾರನು ಆ್ಯಪನ್ನು ಮೊದಲ ಸಲ ತೆರೆದು ತನ್ನ ಟ್ವಿಟರ್ ಹೆಸರನ್ನು ಕೊಟ್ಟಾಗ ಆ್ಯಪಿನ ಲೆಕ್ಕದಲ್ಲಿ ಒಂದು ಟೋಕನ್ ಖರ್ಚಾಗುವುದು. ಅವನು ಮರುದಿನವೇ ಆ್ಯಪನ್ನು ಕಿತ್ತೆಸೆದರೂ, ಅನುಮತಿಯನ್ನು ತಾನಾಗಿ ಹಿಂತೆಗೆದುಕೊಳ್ಳದ ಹೊರತು, ಆ ಟೋಕನ್ ಹಿಂದಕ್ಕೆ ಬರುವುದಿಲ್ಲ. ಹಣ ಕೊಡದೆ ಕದ್ದು ಬಳಸಿದವನೂ ಒಂದು ಟೋಕನ್ ತಿನ್ನುವನು. ಆದಕಾರಣ ಆ್ಯಪನ್ನು ಬರೆದವನಿಗೆ ಒಬ್ಬೊಬ್ಬ ಹೊಸ ಗಿರಾಕಿಯೂ ಲಾಭವಾಗುವಂತೆಯೇ ಆಯುಷ್ಯದಲ್ಲಿ ಒಂದು ದಿನದ ನಷ್ಟವೂ ಆದನು. ಇದರಿಂದ ಲೋಕದಲ್ಲಿ ಕಾಣದ ವಿಚಿತ್ರಗಳು ಕಂಡವು. ೨೦೧೨ರ ಅಕ್ಟೋಬರಿನಲ್ಲಿ ಟ್ಯಾಪ್‌ಬಾಟ್ಸಿನವರು ಮ್ಯಾಕ್ ಯಂತ್ರಕ್ಕೆ ತಮ್ಮ ಆ್ಯಪನ್ನು ತಂದಾಗ ೨೦ ಡಾಲರು ಬೆಲೆಯಿಟ್ಟು, ಟೋಕನ್‌ಗಳು ಎಣಿಕೆಯಷ್ಟೇ ಇರುವುದರಿಂದ ಹೀಗೆ ಮಾಡಬೇಕಾಯಿತೆಂದು ತಿಳಿಸಿದರು. ಆಂಡ್ರಾಯ್ಡ್ ಫೋನುಗಳ ಫಾಲ್ಕನ್ ಪ್ರೋ ಎಂಬ ಆ್ಯಪು ೨೦೧೩ರ ಆರಂಭದಲ್ಲಿಯೇ ಮಿತಿಯನ್ನು ಮುಟ್ಟಿತು. ಅದನ್ನು ಬರೆದವನು ಬೆಲೆಯನ್ನು ನೂರು ಡಾಲರಿಗಿಂತ ಮೇಲಕ್ಕೆ ಏರಿಸಿ ಗಿರಾಕಿಗಳನ್ನು ತಾನೇ ಓಡಿಸಬೇಕಾಯಿತು. ಅಂಗಡಿಯವನು ಬಾಗಿಲಲ್ಲಿ ನಿಂತು, ಒಳಗೆ ಬರಬೇಡಿರೆಂದು ಕೈಮುಗಿದು ಬೇಡಿಕೊಳ್ಳುವುದನ್ನು ನಮ್ಮ ಪ್ರಹಸನಕಾರರು ಕೂಡ ಊಹಿಸಿರಲಾರರು.

ನಿಬಂಧನೆಯು ಸೋತವನನ್ನು ಏನೂ ಮಾಡಲಿಲ್ಲ, ಗೆದ್ದವನನ್ನು ಮಾತ್ರ ಹಿಡಿಯಿತು ಎಂಬುದೇ ಇಲ್ಲಿಯ ರಹಸ್ಯ. ಗಿಡವನ್ನು ಕೀಳಲಿಲ್ಲ, ಕುಂಡದಿಂದ ನೆಲಕ್ಕೆ ಬೇರು ಇಳಿಯದಂತೆ ನೋಡಿಕೊಂಡಿತು. ಮುಂದಿನ ಹತ್ತು ವರ್ಷ ಉಳಿದುಕೊಂಡ ಆ್ಯಪುಗಳು ಕಂಪೆನಿಯ ಸಹನೆಯಿಂದ ಉಳಿದವೆಂಬುದಕ್ಕೆ ಈ ಒಂದು ಸಂಖ್ಯೆಯೇ ಸಾಕ್ಷಿ. ೨೦೨೩ರ ಘಟನೆಯನ್ನು ಅನಿರೀಕ್ಷಿತವೆಂದು ಬರೆದವರು ಈ ಹನ್ನೊಂದು ವರ್ಷದ ಹಿಂದಿನ ಪ್ರಕಟಣೆಯನ್ನು ಇನ್ನೊಮ್ಮೆ ತೆಗೆದು ನೋಡಬೇಕಾಗಿತ್ತು.

ನಡುವಣ ಕಾಲವನ್ನು ಬೇಗನೆ ದಾಟಬಹುದು. ೨೦೧೫ರ ಮಾರ್ಚ್ ೧೩ರಂದು, ಪೆರಿಸ್ಕೋಪ್ ಎಂಬ ನೇರಪ್ರಸಾರದ ಸಂಸ್ಥೆಯನ್ನು ತಾನು ಕೊಂಡಿರುವುದನ್ನು ಟ್ವಿಟರು ಒಪ್ಪಿಕೊಂಡಿತು. ಅದೇ ದಿನ, ಅದೇ ಬಗೆಯ ಕೆಲಸ ಮಾಡುತ್ತಿದ್ದ ಮೀರ್‌ಕ್ಯಾಟ್ ಎಂಬುದಕ್ಕೆ ಯಾರು ಯಾರನ್ನು ಹಿಂಬಾಲಿಸುವರೆಂಬ ಪಟ್ಟಿಯನ್ನು ಕೊಡುವುದನ್ನು ನಿಲ್ಲಿಸಿತು. ಆಗ ಮೀರ್‌ಕ್ಯಾಟಿಗೆ ವಯಸ್ಸು ಎರಡು ವಾರ. ಅದೇ ವರ್ಷ ಟ್ವೀಟುಗಳ ಪೂರ್ಣ ಪ್ರವಾಹವನ್ನು ಕೊಂಡು ಮಾರುತ್ತಿದ್ದ ಡೇಟಾಸಿಫ್ಟ್ ಎಂಬ ಸಂಸ್ಥೆಗೂ ನೀರು ನಿಂತಿತು. ಟ್ವಿಟರು ಹಿಂದಿನ ವರ್ಷ ನಿಪ್ ಎಂಬ ಅದರ ಪ್ರತಿಸ್ಪರ್ಧಿಯನ್ನು ಕೊಂಡಿತ್ತು. ಅಕ್ಟೋಬರಿನಲ್ಲಿ ಕಂಪೆನಿಯ ಮುಖ್ಯಸ್ಥ ಜ್ಯಾಕ್ ಡಾರ್ಸಿಯು ತಂತ್ರಾಂಶಗಾರರ ಸಭೆಯಲ್ಲಿ ನಿಂತು ಕ್ಷಮೆ ಬೇಡಿದನು. ಕ್ಷಮೆಗೆ ಮೂರು ವರ್ಷ ತುಂಬುವ ಮೊದಲೇ, ೨೦೧೮ರ ಆಗಸ್ಟ್ ೧೬ರಂದು, ಬರಹಗಳು ಹರಿದು ಬರುತ್ತಿದ್ದ ಕಾಲುವೆಯನ್ನು ಮುಚ್ಚಿದುದರಿಂದ ಹೊರಗಿನ ಆ್ಯಪುಗಳಲ್ಲಿ ಹೊಸ ಟ್ವೀಟು ಆಗಿಂದಾಗಲೇ ಕಾಣಿಸುವುದೂ ಸೂಚನೆಗಳು ಬರುವುದೂ ನಿಂತುಹೋಯಿತು. ದಿನಾಂಕವು ೨೦೧೨ರ ನಿಬಂಧನೆಯ ದಿನಾಂಕವೇ, ಕಾಕತಾಳೀಯವಿರಬೇಕು.

ಈಗ ಕಡೆಯ ಘಟ್ಟ. ಇಲ್ಲಿ ಗ್ರಂಥಸಂಪಾದಕರಿಗೆ ಪರಿಚಿತವಾದ ಒಂದು ಸಂಗತಿಯಿದೆ. ೨೦೨೩ರ ಜನವರಿ ೧೨ರ ಸಂಜೆ ಟ್ವೀಟ್‌ಬಾಟ್, ಟ್ವಿಟರಿಫಿಕ್ ಮುಂತಾದವುಗಳ ರಹದಾರಿಗಳು ನಿಂತವು. ಐದು ದಿನ ಕಂಪೆನಿಯಿಂದ ಬಹಿರಂಗವಾಗಿ ಒಂದು ಮಾತೂ ಹೊರಡಲಿಲ್ಲ. ೧೭ರಂದು, ಬಹುಕಾಲದಿಂದ ಇರುವ ನಿಯಮಗಳನ್ನು ಜಾರಿಮಾಡುತ್ತಿದ್ದೇವೆ ಎಂಬ ಅರ್ಥದ ಒಂದು ಚಿಕ್ಕ ಹೇಳಿಕೆ ಬಂದಿತು. ಯಾವ ನಿಯಮವೆಂದು ಅದರಲ್ಲಿ ಹೇಳಿರಲಿಲ್ಲ. ೧೯ರಂದು ತಂತ್ರಾಂಶಗಾರರ ಒಪ್ಪಂದದ ಪಾಠದಲ್ಲಿ ಒಂದು ಹೊಸ ವಾಕ್ಯವು ಕಾಣಿಸಿಕೊಂಡಿತು: ಟ್ವಿಟರಿನ ಆ್ಯಪುಗಳಿಗೆ ಬದಲಾಗಿ ನಿಲ್ಲುವ ಅಥವಾ ಅವನ್ನು ಹೋಲುವ ವಸ್ತುವನ್ನು ಕಟ್ಟಕೂಡದೆಂಬುದು ಅದರ ತಾತ್ಪರ್ಯ. ಓಲೆಪ್ರತಿಗಳಲ್ಲಿ ಇಂಥದು ಕಂಡರೆ ನಾವು ಅನುಮಾನಿಸದೆ ಪ್ರಕ್ಷಿಪ್ತವೆನ್ನುವೆವು. ದಂಡವು ೧೨ಕ್ಕೆ, ವಿಧಿಯು ೧೯ಕ್ಕೆ. ಬಹುಕಾಲದ ನಿಯಮವೆಂದು ೧೭ರಂದು ಹೇಳಿದುದು ಆ ವಾಕ್ಯವನ್ನು ಕುರಿತಾದರೆ, ಅದಿನ್ನೂ ಹುಟ್ಟಿರಲಿಲ್ಲ; ಬೇರೆ ಯಾವುದನ್ನಾದರೂ ಕುರಿತಾದರೆ, ಹೊಸ ವಾಕ್ಯವನ್ನು ಸೇರಿಸುವ ಅವಶ್ಯಕತೆ ಏನಿತ್ತು? ಹೊಸ ಒಡೆಯನ ಮೇಲೆ ಹೊರಿಸಬೇಕಾದ ದೋಷವು ಬಾಗಿಲು ಮುಚ್ಚಿದುದಲ್ಲ, ಅದನ್ನು ಹಿಂದಿನವರೇ ಮುಕ್ಕಾಲು ಮುಚ್ಚಿದ್ದರು. ಶಿಕ್ಷಿಸಿದ ಮೇಲೆ ಶಾಸನವನ್ನು ಬರೆದುದು ಮಾತ್ರ ಅವನ ಕಾಲದ್ದು.

ಐಕನ್‌ಫ್ಯಾಕ್ಟರಿಯವರು ಅದೇ ೧೯ರಂದು ಟ್ವಿಟರಿಫಿಕ್ ಮುಗಿಯಿತೆಂದು ಪ್ರಕಟಿಸಿದರು. ಅವರ ಕಷ್ಟವು ಅಲ್ಲಿಗೆ ನಿಲ್ಲಲಿಲ್ಲ. ಎರಡು ಅಂಗಡಿಯವರೂ ಗಿರಾಕಿಗಳಿಂದ ವಾರ್ಷಿಕ ಚಂದಾವನ್ನು ಮುಂಗಡವಾಗಿ ಪಡೆದಿದ್ದರು. ಉಳಿದ ತಿಂಗಳುಗಳ ಹಣವನ್ನು ಆ್ಯಪಲ್ ಕಂಪೆನಿಯ ಮೂಲಕ ಹಿಂತಿರುಗಿಸಬೇಕಾಗಿ ಬಂದು, ಆ ಹೊರೆಯು ಇವರ ಮೇಲೆಯೇ ಬೀಳುವಂತಿತ್ತು. ಆಗ ಇಬ್ಬರೂ ಗಿರಾಕಿಗಳನ್ನು, ಸಾಧ್ಯವಾದರೆ ಮರುಪಾವತಿ ಬೇಡವೆಂದು ಹೇಳಿರೆಂದು ಬೇಡಿಕೊಂಡರು. ಆದಾಯವು ನಿಂತಿತು, ಬಂದ ಆದಾಯವೂ ಸಾಲವಾಗಿ ತಿರುಗಿತು.

ಇವರಿಗೆ ಹಕ್ಕೇನಿತ್ತು? ಧರ್ಮಶಾಸ್ತ್ರದ ವ್ಯವಹಾರಕಾಂಡವನ್ನು ಬಲ್ಲವನಿಗೆ ಮೊದಲು ಹೊಳೆಯುವುದು ದತ್ತಾಪ್ರದಾನಿಕ, ಎಂದರೆ ಕೊಟ್ಟುದನ್ನು ಹಿಂತೆಗೆದುಕೊಳ್ಳುವ ವಿವಾದ. ಆದರೆ ತನ್ನ ಸ್ವತ್ವವು ನಿವೃತ್ತಿಯಾಗಿ ಪರನ ಸ್ವತ್ವವು ಉಂಟಾದರೇ ದಾನವೆಂದು, ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನ ಮತ. ಬಾಗಿಲು ತೆರೆದ ಮಾತ್ರಕ್ಕೆ ಟ್ವಿಟರಿನ ಸ್ವತ್ವವು ಹೋಗಲಿಲ್ಲ. ಆದುದರಿಂದ ಅದು ದಾನವಲ್ಲ. ಯಾಚಿತಕ, ನಮ್ಮ ಮಾತಿನಲ್ಲಿ ಎರವಲು. ಮದುವೆಗೆ ತಂದ ಎರವಿನ ಒಡವೆಯನ್ನು ಒಡೆಯನು ಕೇಳಿದಾಗ ಕೊಡಲೇಬೇಕು. ಇಲ್ಲಿ ಕಾತ್ಯಾಯನನ ಒಂದು ವಚನವು ಬಹಳ ಉಪಯುಕ್ತ. ಈ ಸ್ಮೃತಿಯು ಇಡಿಯಾಗಿ ಉಳಿದಿಲ್ಲ. ನಿಬಂಧಗ್ರಂಥಗಳಲ್ಲಿ ಚದರಿದ್ದ ವಚನಗಳನ್ನು ಪಾಂಡುರಂಗ ವಾಮನ ಕಾಣೆಯವರು ೧೯೩೩ರಲ್ಲಿ ಸಂಗ್ರಹಿಸಿ ಉಪಕರಿಸಿದರು. ಇಂಥ ಕಾರ್ಯಕ್ಕೆಂದಾಗಲಿ ಇಷ್ಟು ಕಾಲಕ್ಕೆಂದಾಗಲಿ ತಂದ ಎರವಲನ್ನು, ಕಾರ್ಯವು ಅರ್ಧವಾಗಿರುವಾಗ ಅಥವಾ ಅವಧಿಯು ತುಂಬುವ ಮೊದಲು ಕೇಳಿದರೆ, ತಂದವನನ್ನು ಕೊಡೆಂದು ನಿರ್ಬಂಧಿಸಲಾಗದೆಂದು ಅದರ ಅಭಿಪ್ರಾಯ. ವಾರ್ಷಿಕ ಚಂದಾದ ನಡುವೆ ರಹದಾರಿಯನ್ನು ಕಿತ್ತುಕೊಂಡುದು ಈ ನ್ಯಾಯಕ್ಕೆ ವಿರುದ್ಧ. ಆದರೆ ಟ್ವಿಟರಿನ ಒಪ್ಪಂದದಲ್ಲಿ ಕಾಲವೂ ಗೊತ್ತಾಗಿರಲಿಲ್ಲ, ಕಾರ್ಯವೂ ಗೊತ್ತಾಗಿರಲಿಲ್ಲ. ಬೇಕಾದಾಗ ನಿಲ್ಲಿಸುವೆವೆಂದೇ ಬರೆದಿತ್ತು. ಹೀಗಾಗಿ ಕಾತ್ಯಾಯನನು ಕೂಡ ಅವರನ್ನು ಅರ್ಧ ದಾರಿಗೆ ಮಾತ್ರ ಕರೆದೊಯ್ಯಬಲ್ಲನು.

ನಾರದನು ಇನ್ನೂ ಹತ್ತಿರಕ್ಕೆ ಬರುತ್ತಾನೆ. ಪರರ ನೆಲದಲ್ಲಿ ಮನೆ ಕಟ್ಟಿಕೊಂಡು ಸ್ತೋಮವನ್ನು, ಎಂದರೆ ನೆಲಬಾಡಿಗೆಯನ್ನು, ಕೊಡುತ್ತ ಇದ್ದವನು ಬಿಟ್ಟು ಹೋಗುವಾಗ ಹುಲ್ಲು, ಮರ, ಇಟ್ಟಿಗೆಗಳನ್ನು ತೆಗೆದುಕೊಂಡು ಹೋಗಬಹುದು. ಬಾಡಿಗೆ ಕೊಡದೆ ಇದ್ದವನು ಅವುಗಳನ್ನು ಮುಟ್ಟಕೂಡದು. ಟ್ವೀಟ್‌ಬಾಟಿನವರು ಬಾಡಿಗೆ ಕೊಡಲಿಲ್ಲ, ಕೇಳಿದವರೂ ಇರಲಿಲ್ಲ. ಬಾಡಿಗೆಯಿಲ್ಲದ ನೆಲವೇ ಹೆಚ್ಚು ಅಪಾಯದ ನೆಲವೆಂಬುದನ್ನು ಈ ವಚನದ ಹಿಂದಿರುವ ಲೋಕಾನುಭವವು ತಿಳಿದಿತ್ತು. ಆದರೂ ತಂತ್ರಾಂಶದ ಮನೆಗೆ ಒಂದು ವಿಶೇಷವುಂಟು: ಅದರ ಮರಮುಟ್ಟು ಕಟ್ಟಿದವನ ಯಂತ್ರದಲ್ಲಿಯೇ ಇರುವುದು. ಟ್ಯಾಪ್‌ಬಾಟ್ಸಿನವರು ಆ ಮರಮುಟ್ಟನ್ನು ಹೊತ್ತು, ೨೦೨೩ರ ಜನವರಿ ೨೪ರಂದೇ, ಮ್ಯಾಸ್ಟೊಡಾನ್ ಎಂಬ ಇನ್ನೊಂದು ಜಾಲಕ್ಕೆ ಐವರಿ ಎಂಬ ಆ್ಯಪನ್ನು ತಂದರು. ಆ ಜಾಲದ ನಿಯಮಾವಳಿಯು ಯಾವ ಒಂದು ಕಂಪೆನಿಯ ಸ್ವತ್ತೂ ಅಲ್ಲ. ಐಕನ್‌ಫ್ಯಾಕ್ಟರಿಯವರು ಜನರಿಂದ ವಂತಿಗೆ ಎತ್ತಿ ೨೦೨೫ರಲ್ಲಿ ಟ್ಯಾಪೆಸ್ಟ್ರಿ ಎಂಬುದನ್ನು ತಂದರು. ಅದು ಒಂದೇ ಬಾಗಿಲನ್ನು ನಂಬದೆ ಹಲವು ಕಡೆಯ ಬರಹಗಳನ್ನು ಒಟ್ಟುಗೂಡಿಸುತ್ತದೆ. ಗಿರಾಕಿಗಳನ್ನು ಮಾತ್ರ ಹೊತ್ತು ತರುವುದಕ್ಕಾಗಲಿಲ್ಲ. ಇಟ್ಟಿಗೆ ಉಳಿಯಿತು, ಬೀದಿ ಉಳಿಯಲಿಲ್ಲ.

ಒಡೆಯನ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಪ್ರಶ್ನೆಗೆ ಉತ್ತರ ಕೊಡುವ ಯಂತ್ರಗಳಿಗೆ ಖರ್ಚುಂಟು. ಆ ಖರ್ಚನ್ನು ಭರಿಸುವವನು ಒಡೆಯ. ಬಾಗಿಲು ಸಡಿಲವಾಗಿದ್ದರೆ ಕಳ್ಳರೂ ಬರುವರು: ಫೇಸ್‌ಬುಕ್ ಕಂಪೆನಿಯ ಹಳೆಯ ಬಾಗಿಲಿನಿಂದ ೮ ಕೋಟಿ ೭೦ ಲಕ್ಷದವರೆಗೆ ಜನರ ವಿವರಗಳು ಕೇಂಬ್ರಿಜ್ ಅನಾಲಿಟಿಕಾ ಎಂಬ ಸಂಸ್ಥೆಗೆ ಹೋಗಿದ್ದಿರಬಹುದೆಂದು ೨೦೧೮ರಲ್ಲಿ ಆ ಕಂಪೆ‌ನಿಯೇ ಒಪ್ಪಿಕೊಂಡಿತು. ಬಾಗಿಲಿಗೆ ಕಾವಲಿಡುವುದೂ ಸುಂಕವಿಡುವುದೂ ತಪ್ಪಲ್ಲ. ಆದರೆ ಸುಂಕದ ಪ್ರಮಾಣದಿಂದಲೇ ಅದರ ಉದ್ದೇಶವು ತಿಳಿಯುತ್ತದೆ. ರೆಡಿಟ್ ಎಂಬ ಇನ್ನೊಂದು ಕಂಪೆನಿಯು ೨೦೨೩ರಲ್ಲಿ ಐದು ಕೋಟಿ ಪ್ರಶ್ನೆಗಳಿಗೆ ೧೨,೦೦೦ ಡಾಲರು ಸುಂಕವಿಟ್ಟಿತು. ಕ್ರಿಶ್ಚಿಯನ್ ಸೆಲಿಗ್ ಎಂಬ ಒಬ್ಬನೇ ತಂತ್ರಾಂಶಗಾರನ ಅಪಾಲೋ ಎಂಬ ಆ್ಯಪಿನಿಂದ ತಿಂಗಳಿಗೆ ಸುಮಾರು ಏಳುನೂರು ಕೋಟಿ ಪ್ರಶ್ನೆಗಳು ಹೋಗುತ್ತಿದ್ದುದರಿಂದ, ಅವನು ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರು ತೆರಬೇಕಾಗುತ್ತಿತ್ತು. ಸೊಲ್ಲು ಬಂದ ಮೂವತ್ತು ದಿನಗಳಲ್ಲಿ, ಜೂನ್ ೩೦ರಂದು, ಅವನು ಅಂಗಡಿ ಮುಚ್ಚಿದನು. ಇದಕ್ಕೆ ಪ್ರತಿಯಾಗಿ ಜ಼ಿಂಗಾ ಎಂಬ ಆಟಗಳ ಕಂಪೆನಿಯನ್ನು ನೋಡಬೇಕು. ಅದು ಫೇಸ್‌ಬುಕ್ಕನ್ನೇ ಆಶ್ರಯಿಸಿತ್ತಾದರೂ ೨೦೧೦ರಲ್ಲಿ ಐದು ವರ್ಷದ ಲಿಖಿತ ಕರಾರನ್ನು ಮಾಡಿಕೊಂಡಿತ್ತು. ೨೦೧೧ರಲ್ಲಿ ಫೇಸ್‌ಬುಕ್ಕಿನ ಆದಾಯದಲ್ಲಿ ನೂರಕ್ಕೆ ಹನ್ನೆರಡು ಪಾಲು ಜ಼ಿಂಗಾದಿಂದಲೇ ಬರುತ್ತಿತ್ತು. ಅವಧಿಗೆ ಮೊದಲೇ, ೨೦೧೨ರ ನವೆಂಬರಿನಲ್ಲಿ, ಆ ಕರಾರು ಸಡಿಲವಾಯಿತು ನಿಜ. ಆದರೆ ಒಂದು ಸಂಜೆ ದೀಪವಾರಿದಂತೆ ಆಗಲಿಲ್ಲ, ಇಬ್ಬರೂ ಕುಳಿತು ತಿದ್ದಿಕೊಂಡರು. ಸ್ತೋಮ ಕೊಡುವವನೊಡನೆ ಮಾತಾದರೂ ಆಡುವರು.

ನಮ್ಮ ನಾಡಿಗೂ ಇದು ದೂರದ ಕಥೆಯಲ್ಲ. ರೋಮನ್ ಅಕ್ಷರಗಳಲ್ಲಿ ಒತ್ತಿದುದನ್ನು ಕನ್ನಡ ಮುಂತಾದ ಲಿಪಿಗಳಿಗೆ ತಿರುಗಿಸುವ ಗೂಗಲ್ ಕಂಪೆನಿಯ ಬಾಗಿಲೊಂದಿತ್ತು. ೨೦೧೧ರ ಮೇ ೨೬ರಂದು ಅದನ್ನು ಕೈಬಿಡತಕ್ಕವುಗಳ ಪಟ್ಟಿಗೆ ಸೇರಿಸಿದರು. ಭಾಷಾಂತರದ ಬಾಗಿಲನ್ನೂ ಮುಚ್ಚುವುದಾಗಿ ಅದೇ ದಿನ ಹೇಳಿ, ಆಕ್ಷೇಪಗಳು ಬಂದ ಮೇಲೆ ಹಣ ಕೊಡುವವರಿಗೆ ಮಾತ್ರ ತೆರೆದಿಡಲು ಒಪ್ಪಿದರು. ಗೂಗಲಿನ ಭಾಷಾಂತರ ಯಂತ್ರದಲ್ಲಿ ಕನ್ನಡವು ಸೇರಿದುದು ಅದೇ ಜೂನ್ ತಿಂಗಳಲ್ಲಿ: ನಾವು ಹೊಕ್ಕಾಗ ಸುಂಕದ ಕಟ್ಟೆ ಎದ್ದಿತ್ತು. ಬೆಂಗಳೂರಿನ ಓಲಾ ಕಂಪೆನಿಯು ೨೦೨೪ರ ಜುಲೈ ತಿಂಗಳಲ್ಲಿ ಗೂಗಲಿನ ನಕ್ಷೆಗಳನ್ನು ಬಿಟ್ಟು ಸ್ವಂತ ನಕ್ಷೆಗಳಿಗೆ ತಿರುಗಿತು. ಅದುವರೆಗೆ ವರ್ಷಕ್ಕೆ ನೂರು ಕೋಟಿ ರೂಪಾಯಿ ಖರ್ಚಾಗುತ್ತಿತ್ತೆಂದು ಅದರ ಸ್ಥಾಪಕರು ಹೇಳಿದರು. ಅದೇ ತಿಂಗಳು ಗೂಗಲಿನವರು ಭಾರತದಲ್ಲಿ ನಕ್ಷೆಗಳ ದರವನ್ನು ನೂರಕ್ಕೆ ಎಪ್ಪತ್ತರವರೆಗೆ ಇಳಿಸುವುದಾಗಿ ಪ್ರಕಟಿಸಿದರು. ಇದರಿಂದಲೇ ಅದು ಎಂದು ಸಾಧಿಸುವುದು ಕಷ್ಟ. ಬಿಟ್ಟುಹೋಗಬಲ್ಲ ಬಾಡಿಗೆದಾರನ ಮುಂದೆ ಬಾಡಿಗೆಯ ಮಾತು ಬೇರೆಯಾಗಿರುವುದೆಂದು ಮಾತ್ರ ಹೇಳಬಹುದು.

ವಿದ್ವಾಂಸರಿಗೆ ಆದ ನಷ್ಟವು ಬೇರೆ ತರಹದ್ದು. ೨೦೨೧ರ ಜನವರಿಯಲ್ಲಿ ಟ್ವಿಟರು ಸಂಶೋಧಕರಿಗಾಗಿ ಒಂದು ಉಚಿತ ದ್ವಾರವನ್ನು ತೆರೆದು, ೨೦೦೬ರಿಂದ ಇದ್ದ ಬರಹಗಳನ್ನೆಲ್ಲ ತಿಂಗಳಿಗೆ ಒಂದು ಕೋಟಿಯಂತೆ ತೆಗೆದುಕೊಳ್ಳಲು ಅವಕಾಶ ಮಾಡಿಕೊಟ್ಟಿತ್ತು. ೨೦೨೩ರಲ್ಲಿ ಅದೂ ಹೋಯಿತು. ದೊಡ್ಡ ಪ್ರಮಾಣದಲ್ಲಿ ಬೇಕೆನ್ನುವವರಿಗೆ ತಿಂಗಳಿಗೆ ೪೨,೦೦೦ ಡಾಲರಿನಿಂದ ಮೇಲೆ ಬೆಲೆ ಹೇಳಿದರೆಂದು ಪತ್ರಿಕೆಗಳಲ್ಲಿ ಬಂದಿತು. ಹೊಸ ಸಂಶೋಧನೆ ನಿಂತುದಕ್ಕಿಂತಲೂ ಹಳೆಯ ಸಂಶೋಧನೆಗೆ ಆದ ಹಾನಿಯು ದೊಡ್ಡದು. ದೊಡ್ಡ ಸಂಗ್ರಹಗಳನ್ನು ಪ್ರಕಟಿಸುವ ಸಂಶೋಧಕರು, ಕಂಪೆನಿಯ ನಿಯಮದಂತೆ, ಟ್ವೀಟುಗಳ ಪಾಠವನ್ನಲ್ಲ, ಅವುಗಳ ಕ್ರಮಸಂಖ್ಯೆಯನ್ನು ಮಾತ್ರ ಕೊಡುತ್ತಿದ್ದರು. ಓದಬೇಕಾದವನು ಆ ಸಂಖ್ಯೆಗಳನ್ನು ಬಾಗಿಲಿಗೆ ಒಯ್ದು ಪಾಠವನ್ನು ಪಡೆಯಬೇಕು. ಬಾಗಿಲು ಮುಚ್ಚಿದೊಡನೆ, ಭಂಡಾರವು ಹೋಗಿ ಸೂಚೀಪತ್ರವು ಉಳಿದಂತಾಯಿತು. ಹಿಂದೆ ಹೇಳಿದ ೨೦೧೦ರ ಏಪ್ರಿಲಿನಲ್ಲಿ, ೧೪ನೆಯ ದಿನ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಟ್ವಿಟರು ತನ್ನ ಸಾರ್ವಜನಿಕ ಬರಹಗಳನ್ನೆಲ್ಲ ದಾನಪತ್ರದ ಮೂಲಕ ಕೊಡುವುದೆಂದು ಪ್ರಕಟವಾಗಿತ್ತು. ವಿಜ್ಞಾನೇಶ್ವರನು ದಾನವೆಂದು ಒಪ್ಪಬಹುದಾದುದು ಈ ಇಡೀ ಚರಿತ್ರೆಯಲ್ಲಿ ಇದೊಂದೇ. ಎಲ್ಲವನ್ನೂ ಸಂಗ್ರಹಿಸುವುದನ್ನು ಲೈಬ್ರರಿಯವರು ೨೦೧೭ರ ಡಿಸೆಂಬರ್ ೩೧ಕ್ಕೆ ನಿಲ್ಲಿಸಿದರು. ಅದುವರೆಗೆ ಬಂದ ಹನ್ನೆರಡು ವರ್ಷಗಳ ಪಾಠವು ಅವರ ವಶದಲ್ಲಿದೆ. ಅದನ್ನು ಓದುಗರಿಗೆ ತೆರೆಯುವುದನ್ನು ಸದ್ಯಕ್ಕೆ ತಡೆಹಿಡಿದಿರುವುದಾಗಿ ಆ ತಿಂಗಳ ಪ್ರಕಟಣೆಯಲ್ಲಿ ಅವರು ತಿಳಿಸಿದ್ದರು.